ಗೀರು ಹಾಕದ ಬ್ರೆಡ್ಡು

ನಾನು ಧೈರ್ಯವಂತನೆಂದು ಹೇಳಿಕೊಂಡು ತಿರುಗುತ್ತಿದ್ದುದಕ್ಕೆ ಮುಖ್ಯ ಕಾರಣ, ನನ್ನ ಧೈರ್ಯವನ್ನು ಯಾರೂ ಪರೀಕ್ಷಿಸಿರಲಿಲ್ಲ ಎಂಬುದೇ. ನಾವಿರುವ ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ರಸ್ತೆಗಳಲ್ಲಿ ನಡೆದಾಡುವ ಮನುಷ್ಯರೇ ಇಲ್ಲ, ಇನ್ನು ದೆವ್ವ ಎಲ್ಲಿಂದ ಬರಬೇಕು? ಕೊನೆಗೆ ನನ್ನನ್ನು ಪರೀಕ್ಷಿಸಿದ್ದು ಒಂದು ಬ್ರೆಡ್ಡು.

ಪಕ್ಕದ ಮನೆಯ ಐಲೀನ್ ಆಂಟಿ ಐರ್ಲೆಂಡಿನವರು, ವಯಸ್ಸಾದವರು. ಮೈದಾ, ಉಪ್ಪು, ಅಡುಗೆ ಸೋಡಾ, ಹುಳಿ ಮಜ್ಜಿಗೆ ಇಷ್ಟೇ ಸಾಕು, ಯೀಸ್ಟ್ ಬೇಡ, ಜಾಸ್ತಿ ನಾದುವುದೂ ಬೇಡ ಎಂದು ತಮ್ಮೂರಿನ ಸೋಡಾ ಬ್ರೆಡ್ ನನಗೆ ಕಲಿಸಿಕೊಟ್ಟರು. "ಓವನ್ನಿಗೆ ಇಡುವ ಮುಂಚೆ ಮೇಲೆ ಚಾಕುವಿನಿಂದ ಅಡ್ಡಕ್ಕೂ ಉದ್ದಕ್ಕೂ ಗೀರು ಹಾಕು. ಇಲ್ಲದಿದ್ದರೆ ಒಳಗಿದ್ದವರು ಹೊರಗೆ ಬರಲಾರರು," ಎಂದರು. ಒಳಗೆ ಯಾರಿರುತ್ತಾರೆ ಎಂದು ಕೇಳಿದರೆ ಚಾಕು ಒರೆಸಿ ನನ್ನ ಕೈಗೆ ಕೊಟ್ಟರು. ನಾನು ಎಂಜಿನಿಯರ್. ಮುಂದಿನ ಶನಿವಾರ ಮನೆಯಲ್ಲಿ ನಾನೇ ಬ್ರೆಡ್ ಮಾಡಿದಾಗ ಬೇಕೆಂದೇ ಗೀರು ಹಾಕಲಿಲ್ಲ.

ಬೆಂದ ಬ್ರೆಡ್ಡಿನ ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ತಟ್ಟಿದೆ, ಬಂತು. ಕೈ ತೆಗೆದ ಮೇಲೂ ಬಂತು. ಬಿಸಿ ಆರುವಾಗ ಚಿಟಿಚಿಟಿ ಎನ್ನುವುದು ಸಹಜ ಎಂದು ಸಮಾಧಾನ ಮಾಡಿಕೊಂಡು, ಭಜನೆಯ ತಾಳದಲ್ಲಿ ತಟ್ಟಿ ನೋಡಿದೆ. ಒಳಗಿನಿಂದ ಅದೇ ತಾಳ, ಕೊಂಚ ನಿಧಾನವಾಗಿ, ಕಲಿಯುತ್ತಿರುವವರ ಹಾಗೆ.

"ಡ್ಯಾಡ್, ಸಮ್‌ವನ್ ಈಸ್ ನಾಕಿಂಗ್!" ಎಂದು ಮಹಡಿಯಿಂದ ಮಗಳು ಕೂಗಿದಳು. ಧಾರವಾಡದವಳಾದ ನನ್ನ ಹೆಂಡತಿ ಬಂದು ಬ್ರೆಡ್ಡಿಗೆ ಕಿವಿಯಿಟ್ಟಳು. ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದಳು.

"ರೀ, ಒಳಗ ಯಾರೋ ಅದಾರ್ರೀ. ಮೊದ್ಲ ಆ ಆಂಟಿ ಕಡೆ ಒಯ್ರಿ."

"ನೀನೂ ಬಾ," ಎಂದೆ.

ಬ್ರೆಡ್ಡನ್ನು ಟವೆಲ್ಲಿನಲ್ಲಿ ಸುತ್ತಿ, ಹಿಮ ತುಳಿದುಕೊಂಡು ಮೂವರೂ ಹೋದೆವು. ದಾರಿಯುದ್ದಕ್ಕೂ ಅದು ನನ್ನ ಎದೆಗೆ ತಟ್ಟುತ್ತಲೇ ಇತ್ತು. ಐಲೀನ್ ಆಂಟಿ ನಗಲಿಲ್ಲ. ಮೊದಲು ಕಿಟಕಿ ತೆರೆದು, ಆಮೇಲೆ ಗೀರು ಎಳೆದರು. ಎದ್ದ ಹಬೆ ಮೇಲೇರಲಿಲ್ಲ. ಅಡ್ಡಕ್ಕೆ ತೇಲಿ, ಒಳಬೀಸುತ್ತಿದ್ದ ಗಾಳಿಗೆ ಎದುರಾಗಿಯೇ ಕಿಟಕಿ ದಾಟಿ, ನಮ್ಮ ಮನೆಯ ಕಡೆ ಸಾಗಿತು.

"ಹಿಂಬಾಗಿಲು ಹಾಕಿ ಬಂದೆಯಾ?" ಎಂದರು.

ಹಾಕಿರಲಿಲ್ಲ. "ಹಾಗಾದರೆ ಒಳಗೇ ಹೋಯಿತು," ಎಂದು ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟರು. ಸುಳ್ಳೇಕೆ, ರುಚಿ ಚೆನ್ನಾಗಿಯೇ ಇತ್ತು.

ಹಿಂದಿರುಗಿದಾಗ ನಮ್ಮ ಅಡುಗೆಮನೆಯ ಕಿಟಕಿ ಗಾಜಿಗೆ ಒಳಗಿನಿಂದ ಹಬೆ ಕಟ್ಟಿತ್ತು. ಯಾರೋ ಒರೆಸಿ ಹೊರಗೆ ಇಣುಕಿದಂತೆ ನಡುವೆ ಗುಂಡಗೆ ಒಂದಿಷ್ಟು ಜಾಗ ಮಾತ್ರ ತಿಳಿಯಾಗಿತ್ತು. ಮದುವೆಯಾದಾಗಿನಿಂದ ಹೆಂಡತಿಗಾಗಿ ಒಂದು ಸಲವೂ ಬಾಗಿಲು ಹಿಡಿದು ನಿಲ್ಲದ ನಾನು, ಅಂದು ವಿನಯದಿಂದ ಪಕ್ಕಕ್ಕೆ ಸರಿದು, ಬಾಗಿಲು ಹಿಡಿದು, "ಲೇಡೀಸ್ ಫಸ್ಟ್" ಎಂದೆ.