ನಿಂಬೆ ಕೇಕಿನ ಕೊಲೆಗಾರ್ತಿ ನಾನಲ್ಲ!

ಪತ್ತೇದಾರಿ ಕಾದಂಬರಿ ಓದಿ ಕೆಟ್ಟವರುಂಟೇ? ಅದೂ ರಕ್ತಗಿಕ್ತ ಇಲ್ಲದ, ಬೇಕರಿ ನಡೆಸುವ ಹೆಂಗಸೊಬ್ಬಳು ಕೊಲೆಗಾರನನ್ನು ಹುಡುಕುತ್ತ ಅಧ್ಯಾಯಕ್ಕೊಂದು ತಿಂಡಿ ಮಾಡುವ ವಿಧಾನವನ್ನೂ ಹೇಳಿಕೊಡುವ, ಬಲು ಸಾಧು ಸ್ವಭಾವದ ಇಂಗ್ಲಿಷ್ ಕಾದಂಬರಿ. ಗೆಳತಿ ಕೊಟ್ಟಳು, ನಾನು ಓದಲು ಕೂತೆ. ಇಷ್ಟೇ ನನ್ನ ಅಪರಾಧ!

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗುಣ ನನಗಿಲ್ಲ. ದಿನಾ ಸಂಜೆ ಕಾರವಾರದಿಂದ ಭಾವಿಕೇರಿಯ ಅತ್ತೆಗೆ ಫೋನು ಮಾಡಿ, ಅವತ್ತು ಓದಿದಷ್ಟು ಕತೆ ಹೇಳುತ್ತಿದ್ದೆ. ಶ್ರೀಮಂತ ಮುದುಕಿಯೊಬ್ಬಳು ನಿಂಬೆಹಣ್ಣಿನ ಕೇಕ್ ತಿಂದಳು, ಕೆಮ್ಮಿದಳು, ಸತ್ತಳು. ಅತ್ತೆ "ಅಯ್ಯೋ ದೇವರೇ!" ಎಂದು ಕೇಳಿ, ಫೋನಿಟ್ಟ ಕೂಡಲೇ ಪಕ್ಕದ ಮನೆಯ ನಾಗಮ್ಮಕ್ಕನಿಗೆ ದಾಟಿಸುತ್ತಿದ್ದರು.

ಇನ್ನು ನನ್ನ ಆಸೆಯ ವಿಷಯ. ಮದುವೆಯಾದಾಗಿನಿಂದ ಅತ್ತೆಯ ಬಾಯಲ್ಲಿ "ಚಲೋ ಆಗಿದೆ" ಎಂಬ ಒಂದೇ ಒಂದು ಮಾತು ಕೇಳಲು ನಾನು ಪಡದ ಪಾಡಿಲ್ಲ. ಬಂಗಡೆ ಸಾರು ಮಾಡಿದರೆ ಹುಳಿ ಕಡಿಮೆ. ಸಿಗಡಿ ಹುರಿದರೆ ರಬ್ಬರು. ಆದರೆ ಕೇಕ್? ಅತ್ತೆ ಜನ್ಮದಲ್ಲಿ ಕೇಕ್ ಮಾಡಿದವರಲ್ಲ. ತಪ್ಪು ಹುಡುಕುವುದಾದರೂ ಹೇಗೆ? ಕಾದಂಬರಿಯಲ್ಲಿ ವಿಧಾನ ಇತ್ತು, ಅಡುಗೆಮನೆಯಲ್ಲಿ ನಿಂಬೆಹಣ್ಣು ಇತ್ತು. ತಲೆಯಲ್ಲಿ ಮಾತ್ರ ಏನೂ ಇರಲಿಲ್ಲ!

ಭಾನುವಾರ ಕೇಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಕೋಲೆಯವರೆಗೂ ಬಸ್ಸಿನ ಒಂದೊಂದು ಬ್ರೇಕಿಗೂ ಕಂಡಕ್ಟರನನ್ನು ಕೆಕ್ಕರಿಸಿ ನೋಡುತ್ತ, ಗಂಡನ ಜೊತೆ ಭಾವಿಕೇರಿಗೆ ಹೋದೆ. ಅತ್ತೆ ಮತ್ತು ನಾಗಮ್ಮಕ್ಕ ಜಗಲಿಯಲ್ಲಿ ವಡೆ ತಿನ್ನುತ್ತ ಚಹಾ ಕುಡಿಯುತ್ತಿದ್ದರು. ಡಬ್ಬಿ ತೆಗೆದೆ.

"ಎಂತದೇ ಇದು?" ಅತ್ತೆ ಕೇಳಿದರು.

"ನಿಂಬೆಹಣ್ಣಿನ ಕೇಕ್, ಅತ್ತೆ."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ನಂಗೆ ಇವತ್ತು ಹೊಟ್ಟೆ ಸಮ ಇಲ್ಲ ಮಾರಾಯ್ತಿ," ಎಂದರು ನಾಗಮ್ಮಕ್ಕ. ಅವರ ಕೈಯಲ್ಲಿ ಆಗಲೇ ಇನ್ನೊಂದು ವಡೆ ಇತ್ತು!

"ಆ ಮುದ್ಕಿ ತಿಂದದ್ದು ಇದೇ ಅಲ್ವೇ ತಂಗಿ?" ಎಂದರು ಅತ್ತೆ.

"ಅತ್ತೆ, ಅದು ಕತೆ!"

"ಇರ್ಲಿ. ಕೊಂದವರು ಯಾರಂತೆ?"

ಅದೇ ತಾನೇ ಫಜೀತಿ! ಕೊನೆಯ ಅಧ್ಯಾಯವನ್ನು ನಾನಿನ್ನೂ ಓದಿರಲಿಲ್ಲ. "ಕೇಕಿನದು ಏನೂ ತಪ್ಪಿಲ್ಲ, ವಿಷ ಇದ್ದದ್ದು ಚಹಾದಲ್ಲಿ," ಎಂದು ಘೋಷಿಸಿದೆ. ಪುಸ್ತಕ ಚೀಲದಲ್ಲೇ ಇತ್ತು. ಕೇಕಿನ ಮಾನ ಉಳಿಸಲು ಅಲ್ಲೇ ತೆಗೆದು, ಕನ್ನಡಕ್ಕೆ ತಿರುಗಿಸುತ್ತ ಗಟ್ಟಿಯಾಗಿ ಓದತೊಡಗಿದೆ. ಚಹಾ ನಿರ್ದೋಷಿ. ಡಾಕ್ಟರು ನಿರ್ದೋಷಿ. ಪುಟ ತಿರುವಿದೆ. ಪುಸ್ತಕವನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡೆ.

"ಯಾರೇ?"

"ಅದು... ತೋಟದ ಮಾಲಿ ಇರಬೇಕು."

ಬೇಕಾದಾಗ ಬಾಯಿ ಬಿಡದ ನಮ್ಮವರು ಹಿಂದಿನಿಂದ ಬಗ್ಗಿ ನೋಡಿ, "ಮಾಲಿ ಅಲ್ಲ, ಸೊಸೆ ಅಂತ ಬರ್ದಿದೆಯಲ್ಲೇ! ಕೇಕಿಗೇ ವಿಷ ಹಾಕಿದ್ಲಂತೆ!" ಎಂದರು.

ನಾಗಮ್ಮಕ್ಕ ಕುರ್ಚಿ ಸಮೇತ ಹಿಂದೆ ಸರಿದರು. ನನಗೆ ಸಿಟ್ಟು ನೆತ್ತಿಗೇರಿತು. "ನೋಡಿ, ನಾನೇ ತಿಂತೇನೆ!" ಎಂದು ದೊಡ್ಡ ತುಂಡೊಂದನ್ನು ಬಾಯಿಗೆ ತುರುಕಿದೆ. ಕಡಲ ತಡಿಯ ಮರಳಿನ ಹಾಗಿದ್ದ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿದೆ.

"ಅಯ್ಯಯ್ಯೋ, ಕೆಮ್ಮಿದ್ಲು!" ನಾಗಮ್ಮಕ್ಕ ಕೂಗಿದ್ದು ಇಡೀ ಕೇರಿಗೆ ಕೇಳಿತು. ಅತ್ತೆ ತಂಬಿಗೆ ನೀರು ಕುಡಿಸಿದರು. ನಮ್ಮವರು ಬೆನ್ನಿಗೆ ಗುದ್ದಿದರು. ಬೇಲಿಯಾಚೆ ಜನ ಸೇರಿದರು. ನಾನು ಸಾಯಲಿಲ್ಲ. ಸತ್ತಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು!

ಗಲಾಟೆ ನಿಂತ ಮೇಲೆ ಅತ್ತೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು, ಬೇಲಿಯಾಚೆಯವರಿಗೂ ಕೇಳುವಂತೆ ತೀರ್ಪು ಕೊಟ್ಟರು: "ವಿಷಗಿಷ ಎಂತದೂ ಇಲ್ಲ. ಇದು ಇರೂದೇ ಹಿಂಗೆ."

ಸಂಜೆ ಡಬ್ಬಿ ಹಿಡಿದು ಮೆಟ್ಟಿಲಿಳಿಯುತ್ತಿದ್ದಾಗ ಅತ್ತೆ ಹಿಂದಿನಿಂದ ಕರೆದರು. "ತಂಗೀ, ಬಾಳ ಚಲೋ ಇತ್ತೇ!"

ನನಗೆ ಕಣ್ಣು ತುಂಬಿ ಬಂತು. "ಕೇಕಾ ಅತ್ತೆ?"

"ಅಲ್ಲ ಮಾರಾಯ್ತಿ, ಕತೆ! ಮುಂದಿನ ಸಲ ಪುಸ್ತಕ ಮಾತ್ರ ತಾ. ಅಡಗೆ ನಾನೇ ಮಾಡ್ತೆ."