ರಾಕ್ಷಸಗ ಎಷ್ಟು ಮಂತ್ರ ಕೊಡಬೇಕು?

ಬೆಟಗೇರಿಯೊಳಗ ನನ್ನ ಸೀರಿ ಅಂಗಡಿ ಮಾಳಿಗಿ ಮ್ಯಾಲ ಪ್ರತಿ ರವಿವಾರ ಒಬ್ಬ ರಾಕ್ಷಸ ಹುಟ್ಟತಾನ, ಜೋಡೀಲೇ ಒಂದು ಫಜೀತಿನೂ ಹುಟ್ಟತೈತಿ. ದಾಳ ಉರುಳಿಸಿ, ಬಾಯಿಲೇ ಕತಿ ಕಟ್ಟಿ ಆಡೋ ಆಟ ಇದು. ಆಡವರು ಒಬ್ಬೊಬ್ಬ ವೀರ ಆಗತಾರ. ಎದುರಿನ ರಾಕ್ಷಸಗ ಜೀವ ಎಷ್ಟು, ಮಂತ್ರ ಎಷ್ಟು ಅಂತ ನಿಗದಿ ಮಾಡಾಂವ ನಾನು. ಹೆಚ್ಚಾದರ ಎಲ್ಲಾರೂ ಸಾಯತಾರ, ಕಡಿಮಿ ಆದರ ಎಲ್ಲಾರೂ ಆಕಳಸತಾರ.

ಆಡವರು ಮೂರು ಮಂದಿ: ನಮ್ಮ ಓಣಿ ಕಾಕಾ, ಅವರ ಸೊಸಿ, ಮುಂಡರಗಿ ಕಡೆಯ ಎತ್ತಿನ ದಲಾಲ. ಹೇಣ್ತಿ, ನಮ್ಮ ಕಾಕು, ತೀರಿಕೊಂಡ ಮ್ಯಾಲ ಕಾಕಾ ಮಾತು ಬಿಟ್ಟಿದ್ದರು. ಸೊಸಿನ ಅವರನ್ನ ಆಟಕ್ಕ ಎಳಕೊಂಡು ಬಂದಳು. "ಅಣ್ಣಾರ, ಮಾವಾರು ಹೊರಗ ಬರೂದು ಇದಕ್ಕೊಂದ. ಅವರ ವೀರ ಸತ್ತರ ಮತ್ತ ಮೂಲಿ ಹಿಡೀತಾರ" ಅಂದಳು. ಅವತ್ತಿಂದ ರಾಕ್ಷಸನ್ನ ಕಟ್ಟುವಾಗ ನನಗ ಭಾಳ ಹೆದರಿಕಿ.

ಬೆಂಕಿ

ಮೊದಲನೇ ರಾಕ್ಷಸಗ ಉಮೇದಿಲೇ ಬೆಂಕಿ ಮಂತ್ರ ಕೊಟ್ಟೆ. ಬಾಯಿ ತೆಗದ, ಮೂರೂ ವೀರರು ಬೂದಿ. ಕಾಕಾ ಚಪ್ಪಲಿ ಕಡೆ ನೋಡಿದರು. "ಕನಸು! ಅದು ಕನಸ್ರಿ! ಎಲ್ಲಾರೂ ಏಳ್ರಿ!" ಅಂದೆ.

ದಲಾಲ ಅಂದ, "ಏನಲೇ ಮಾರಾಯಾ, ಚಹಾ ಬರೂಕಿಂತ ಮದಲ ತಿಥಿ ಮಾಡಿಬಿಟ್ಟೆಲ್ಲೋ!"

ಟವೆಲ್ ಕೆಳಗ

ಮುಂದಿನ ರಾಕ್ಷಸಗ ಬೆಂಕಿ ಕಸಗೊಂಡು ನಿದ್ದಿ ಮಂತ್ರ ಕೊಟ್ಟೆ. ಎಷ್ಟು ಸಲ ಹಾಕಬಲ್ಲ ಅನ್ನೂದು ಗುಟ್ಟು. ದಲಾಲ ಕತ್ತಿ ಎತ್ತಲೇ ಇಲ್ಲ. "ಯವಾರ ಮಾಡತೇನಿ" ಅಂತ ಹೆಗಲಿನ ಟವೆಲ್ ನನ್ನ ಕೈ ಮ್ಯಾಲ ಹಾಕಿದ. ದನದ ಸಂತ್ಯಾಗ ಹಿಂಗ, ಟವೆಲ್ ಕೆಳಗ ಬೆರಳು ಹಿಡದು ರೇಟ್ ಹೇಳೂದು. "ಮಂತ್ರ ಎಷ್ಟ್ ಉಳದಾವ?" ಅಂದ. ಅಪ್ಪನ ಜೋಡಿ ಸಂತಿ ತಿರಗಿದ ಕೈ ನಂದು, ತಾನಾಗೇ ಅವನ ಎರಡು ಬೆರಳು ಹಿಡೀತು. ಗುಟ್ಟು ಹೋತು.

ಆ ಎರಡೂ ಮಂತ್ರ ತೀರೂತನ ನಿದ್ದಿ ಮಾಡಿ ಎದ್ದು, ದಲಾಲನ ವೀರ ರಾಕ್ಷಸನ ಬಾಯಿ ತೆರಸಿ ಹಲ್ಲು ನೋಡಿದ. "ವಯಸ್ಸಾಗೇತಿ. ಆದರೂ ಹೊಲಾ ಹೂಡಾಕ ನಡೀತೈತಿ" ಅಂದ.

ದನಿ

ಮೂರನೇ ರಾಕ್ಷಸಗ ಒಂದ ಮಂತ್ರ. ವೀರಗ ಬೇಕಾದವರ ದನಿ ತೆಗದು ಬಾವಿಯೊಳಗಿಂದ ಕರೆಯೂದು. ಆ ದನಿ ಹಿಂದ ಹೋದ ವೀರ ಸತ್ತಂಗ. ವಿಚಾರ ಮಾಡದ ಅಂದುಬಿಟ್ಟೆ, "ಕಾಕಾ, ನಿಮ್ಮ ವೀರಗ ಹೇಣ್ತಿ ದನಿ ಕೇಳತೈತ್ರಿ."

ಸೊಸಿ ಕೈಯಾನ ದಾಳ ನೆಲಕ್ಕ ಬಿತ್ತು. ನಾ ನಾಲಿಗಿ ಕಚ್ಚಿಕೊಂಡೆ.

"ಏನಂತಾಳ?" ಅಂದರು ಕಾಕಾ.

"'ನಿಮ್ಮನ್ನ ಬಿಟ್ಟು ಇರಾಕ ಆಗವಲ್ದು, ಜಲ್ದಿ ಬರ್ರಿ' ಅಂತಾಳ್ರಿ."

ಕಾಕಾ ಕಣ್ಣು ಮುಚ್ಚಿದರು. ಗಲ್ಲದ ಮ್ಯಾಲ ನೀರಿಳೀತು. ಆಮ್ಯಾಲ ಬಗ್ಗಿ, ಬಿದ್ದ ದಾಳ ಆರಿಸಿಕೊಂಡರು.

"ರಾಕ್ಷಸನ ಇಂವಾ. ಹೊಡೀತೇನಿ."

"ಹೆಂಗ ಗೊತ್ತಾತ್ರಿ?"

"ಬೈಯದ ಆಕಿ ನನ್ನ ಒಮ್ಮೆರ ಕರದಾಳೇನು?"

ಸೊಸಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಾಕಾನೂ ನಕ್ಕರು, ಅಳಕೋತನ ನಕ್ಕರು.

ಹೊರಡುವಾಗ ಚಪ್ಪಲಿ ಮೆಟ್ಟಿಕೋತ ನನ್ನ ಕಿವಿ ಹತ್ರ ಬಂದರು. "ತಮ್ಮಾ, ಮುಂದಿನ ರವಿವಾರ ರಾಕ್ಷಸಗ ಮಂತ್ರ ಚಲೋ ಕಲಿಸು. ಮದಲ 'ಎಲ್ಲಿ ಹಾಳಾಗಿ ಹೋಗಿದ್ರಿ?' ಅನ್ನಬೇಕು. ಆಮ್ಯಾಲ ನೋಡು, ನನ್ನ ವೀರ ತಾನಾಗೇ ಬಾವ್ಯಾಗ ಜಿಗೀತಾನ."