ಗ್ಲೋರಿಯಾ ಎಂಬ ಹೆಬ್ಬಾವು ದಪ್ಪಗಿದ್ದಾಳೋ ಇಲ್ಲವೋ ಎಂಬ ಬಗ್ಗೆ

ಎಲ್ಕ್ ಬೆಂಡ್ ಊರ ಗ್ರಂಥಾಲಯ, ಮಿನೆಸೋಟಾ
ಆಡಳಿತ ಶಾಖೆ

ಸಂಖ್ಯೆ: ಗ್ರಂ/ಹಾವು/ತೂಕ/4 (ಹಿಂದಿನ ಮೂರನ್ನೂ ಯಾರೂ ಓದದ ಕಾರಣ)

ಸುತ್ತೋಲೆ

ವಿಷಯ: ಮಕ್ಕಳ ವಿಭಾಗದ ಹೆಬ್ಬಾವಿನ ಮೈಕಟ್ಟನ್ನು ನಿರ್ಣಯಿಸುವ ಕುರಿತು.

ಉಲ್ಲೇಖ: 1. ಪಶುವೈದ್ಯೆ ಡಾ. ಲುಂಡೀನ್ ಅವರ ಪತ್ರ.
2. ಸದರಿ ಪತ್ರದ ಅಂಚಿನಲ್ಲಿ ಅವರು ಸಿಟ್ಟಿನಿಂದ ಬಿಡಿಸಿರುವ ಚಿತ್ರ.

ಹೆಪ್ಪುಗಟ್ಟಿದ ಸರೋವರದ ಮಂಜುಗಡ್ಡೆ ಒಡೆದು, ಅದರ ಮೇಲೆ ನಿಲ್ಲಿಸಿದ್ದ ಮೇಯರ್ ಅವರ ಕಾರು ಮುಳುಗಿದ ಪ್ರಕರಣದ ತರುವಾಯ ಈ ಊರಿಗೆ ಒದಗಿರುವ ಅತಿ ಗಂಭೀರ ಸಂಗತಿಯನ್ನು ಎಲ್ಲ ಸಿಬ್ಬಂದಿಯ ಗಮನಕ್ಕೆ ತರಲಾಗುತ್ತಿದೆ. ಓದುವಾಗ ತಡವರಿಸುವ ಮಕ್ಕಳು ಪ್ರತಿ ಗುರುವಾರ ಗ್ಲೋರಿಯಾಳಿಗೆ ಕತೆ ಓದಿ ಹೇಳುವುದು ರೂಢಿ. ಆಕೆ ಯಾರ ತಪ್ಪನ್ನೂ ತಿದ್ದುವುದಿಲ್ಲ; ಈ ಅರ್ಹತೆ ಇತರ ಸಿಬ್ಬಂದಿಯಲ್ಲಿ ಕಂಡುಬಂದಿಲ್ಲ. ಮುಂದಿನ ತಪಾಸಣೆಯೊಳಗೆ ಆಕೆಯ ಮೈ ಇಳಿಯದಿದ್ದರೆ ಆಕೆಯನ್ನು ಮೃಗಾಲಯಕ್ಕೆ ವರ್ಗಾಯಿಸಬೇಕಾಗುತ್ತದೆಂದು ಉಲ್ಲೇಖ (1)ರಲ್ಲಿ ತಿಳಿಸಲಾಗಿದೆ. ಆಕೆಯನ್ನು ಮರಿಯಿಂದ ಸಾಕಿ, ಗುರುವಾರಗಳಂದು ತೊಡೆಯ ಮೇಲಿಟ್ಟುಕೊಂಡು ಕೂರುವ ಪುಸ್ತಕ ಕೊಡುವ ಕೌಂಟರಿನ ಗುಮಾಸ್ತ ಶ್ರೀ ವರ್ಲಿನ್ ಹೋವ್ಲಂಡ್ ಅವರು ಇದನ್ನು ಕೇಳಿ ತೋಟಗಾರಿಕೆ ಪುಸ್ತಕಗಳ ಕಪಾಟಿನ ಹಿಂದೆ ಹೋಗಿ ನಿಂತವರು ಊಟದ ಗಂಟೆಯವರೆಗೆ ಹೊರಬರಲಿಲ್ಲ.

ತತ್ಸಂಬಂಧ ವಿಚಾರಣೆ ನಡೆಸಿ, ಹೇಳಿಕೆಗಳನ್ನು ಆಡಿದಂತೆಯೇ ದಾಖಲಿಸಲಾಗಿದೆ:

(ಅ) ಮಕ್ಕಳ ವಿಭಾಗದ ಶ್ರೀಮತಿ ಮೇವಿಸ್ ಟೋಲೆಫ್ಸನ್: "ಇಲಿ ಬಾಯಿ ಮುಂದೆ ಹಿಡಿದ್ರೆ ಬೇಡ ಅಂತ ತಲೆ ತಿರುಗಿಸ್ದಳು ಕಣ್ರೀ. ಮೊದಲ್ನೇ ಸಲಕ್ಕೇ ಹೂಂ ಅನ್ನೋಕೆ ಅವಳೇನು ಮರ್ಯಾದೆ ಇಲ್ದೋಳಾ? ಎರಡ್ನೇ ಸಲಾನೂ ಸಂಕೋಚ. ಮೂರ್ನೇ ಸಲ ಒತ್ತಾಯ ಮಾಡ್ದೆ, ತಗೊಂಡ್ಳು."

(ಆ) ಶ್ರೀ ಹೋವ್ಲಂಡ್: "ನಾನೂ ಹಾಗೇ ಮಾಡ್ದೆ. ಮೇವಿಸ್ ಆಗ್ಲೇ ಬಡಿಸಿದಾಳೆ ಅಂತ ನಂಗೆ ಹೆಂಗೆ ಗೊತ್ತು? ಮುಖ ನೋಡಿದ್ರೆ ಊಟ ಆದಂಗೆ ಇರ್ಲಿಲ್ಲ. ಅಲ್ಲದೆ ಅವಳು ದಪ್ಪ ಅಲ್ಲ ಸ್ವಾಮಿ, ಮೂಳೆ ಅಗಲ."

(ಇ) ಶ್ರೀಮತಿ ಟೋಲೆಫ್ಸನ್, ಕೇಳದಿದ್ದರೂ: "ಹಾವಿನ ಮುಖದಲ್ಲಿ ಊಟ ಎಲ್ಲಿ ಕಾಣುತ್ತೆ ಮಾರಾಯಾ!"

(ಈ) ಕಸ ಗುಡಿಸುವ ಶ್ರೀ ಓರಿನ್: "ಅದು ಹಾವಾ, ಇಲ್ಲಾ ಚಳಿಗಾಳಿ ಬರ್ದಂಗೆ ಬಾಗಿಲ ಸಂದಿಗೆ ಇಡೋ ದಿಂಬಾ?"

ಮೂಳೆ ಅಗಲವೆಂಬ ವಾದವನ್ನು ತಿರಸ್ಕರಿಸಿ, ಈ ಮುಂದಿನಂತೆ ಸೂಚಿಸಲಾಗಿದೆ:

1. ತಕ್ಕಡಿಯ ಅಂಕಿಯೊಂದನ್ನೇ ನಂಬತಕ್ಕದ್ದಲ್ಲ, ಕಣ್ಣನ್ನೂ ಬಳಸತಕ್ಕದ್ದು. ತೂಗುವಾಗ ಹಾವನ್ನು ದಿಂಬಿನ ಚೀಲದಲ್ಲಿಟ್ಟು, ಚೀಲದ ತೂಕ ಕಳೆಯುವುದು. ಹೊಟ್ಟೆಯಲ್ಲಿ ಇಲಿ ಇರುವಾಗ ತೂಗಕೂಡದು. ಶ್ರೀ ಹೋವ್ಲಂಡ್ ಅವರು ಚೀಲವನ್ನು ಮೆಲ್ಲಗೆ ಮೇಲಕ್ಕೆ ಎತ್ತಿ ಹಿಡಿಯಕೂಡದು.

2. ಬೆನ್ನುಮೂಳೆ ಮನೆಯ ಸೂರಿನಂತೆ ಚೂಪಾಗಿ ಎದ್ದಿದ್ದರೆ ಹಾವು ಬಡಕಲು. ಬೆನ್ನು ಕತ್ತರಿಸದ ಬ್ರೆಡ್ಡಿನಂತೆ ನಯವಾಗಿ ಉಬ್ಬಿ, ಹೊಟ್ಟೆ ಸಮತಟ್ಟಾಗಿದ್ದರೆ ಸರಿ. ಎಲ್ಲ ಕಡೆಯಿಂದಲೂ ಗುಂಡಗಾಗಿ, ಹುರುಪೆಗಳ ನಡುವೆ ಚರ್ಮ ಇಣುಕಿ, ಹೊರಳುವಾಗ ಮಡಿಕೆ ಬಿದ್ದರೆ ದಪ್ಪ.

3. ಬ್ರೆಡ್ಡಿನೊಂದಿಗಿನ ಹೋಲಿಕೆಯನ್ನು ಊಟದ ವೇಳೆ ಮಾಡಕೂಡದು. ಕಳೆದ ಬಾರಿ ಮಾದರಿಗೆಂದು ತಂದ ಬ್ರೆಡ್ಡು ಮುಗಿದುಹೋಗಿ ತೂಕದ ಸಮಿತಿ ಚದುರಿತು.

4. ಫ್ರೀಜರಿನ ಎಡಗಡೆ ಇಲಿಗಳು, ಬಲಗಡೆ ಶ್ರೀಮತಿ ಟೋಲೆಫ್ಸನ್ ಅವರ ಮಾಂಸ-ಆಲೂಗಡ್ಡೆಯ ಅಡುಗೆಯಾದ ಹಾಟ್‌ಡಿಶ್. ಹಿಂದೊಮ್ಮೆ ಆದ ಅದಲುಬದಲಿನ ಬಗ್ಗೆ ಯಾರೂ ಮಾತೆತ್ತತಕ್ಕದ್ದಲ್ಲ.

5. ಅತಿಥಿ ಎರಡು ಸಲ ಬೇಡವೆಂದರೂ ಮೂರನೆಯ ಸಲ ಒತ್ತಾಯಿಸುವ ನಮ್ಮೂರ ಮರ್ಯಾದೆಯನ್ನು ಹಾವಿನ ಮಟ್ಟಿಗೆ ಅಮಾನತಿನಲ್ಲಿಡಲಾಗಿದೆ. ಹಾವು ಬೇಡವೆಂದರೆ ಬೇಡವೆಂದೇ ಅರ್ಥ. ಬಡಿಸಿದವರು ಗಾಜಿನ ಪೆಟ್ಟಿಗೆಗೆ 'ಊಟವಾಗಿದೆ' ಎಂಬ ಫಲಕ ತೂಗುಹಾಕುವುದು. ಫಲಕ ಸಂಕೋಚದಿಂದ ಹಾಗೆ ಹೇಳುತ್ತಿದೆಯೆಂದು ಭಾವಿಸಕೂಡದು.

6. ಗ್ಲೋರಿಯಾಳ ಎದುರು 'ಡುಮ್ಮಿ', 'ದಿಂಬು' ಮುಂತಾಗಿ ಕರೆಯುವುದನ್ನು ನಿಷೇಧಿಸಲಾಗಿದೆ. ಹಾವಿಗೆ ಹೊರಗಿವಿ ಇಲ್ಲ. ಶ್ರೀ ಹೋವ್ಲಂಡ್ ಅವರಿಗೆ ಎರಡಿವೆ.

7. ಹಾವೂ ಕೊಬ್ಬಬಾರದು, ಬಡಿಸುವ ಕೈಯೂ ನೋಯಬಾರದು ಎಂಬ ದೃಷ್ಟಿಯಿಂದ, ಒತ್ತಾಯಿಸದೆ ಇರಲಾಗದವರು ಇನ್ನು ಮುಂದೆ ಸಹೋದ್ಯೋಗಿಗಳನ್ನು ಒತ್ತಾಯಿಸತಕ್ಕದ್ದು. ಸಹೋದ್ಯೋಗಿಗಳು ಮೂರನೆಯ ಸಲಕ್ಕೆ ಒಪ್ಪತಕ್ಕದ್ದು.

ತಪ್ಪಿದಲ್ಲಿ, ತಪ್ಪಿತಸ್ಥರೇ ಗುರುವಾರ ಮಕ್ಕಳ ಮುಂದೆ ಸುರುಳಿ ಸುತ್ತಿ, ಬಾಯಿ ಬಿಡದೆ ಕೂರಬೇಕಾಗುತ್ತದೆ.

ಸಹಿ/-
ಮುಖ್ಯ ಗ್ರಂಥಪಾಲಕರು
(ಹಾವಿನ ಹೆಚ್ಚುವರಿ ಪ್ರಭಾರ)

ಪ್ರತಿಗಳು:
1. ಡಾ. ಲುಂಡೀನ್ ಅವರಿಗೆ, ಚಿತ್ರವನ್ನು ವಾಪಸು ಪಡೆಯುವ ಕೋರಿಕೆಯೊಂದಿಗೆ.
2. ಶ್ರೀಮತಿ ಟೋಲೆಫ್ಸನ್ ಅವರಿಗೆ, ಮೂರು ಸಲ.
3. ಶ್ರೀ ಹೋವ್ಲಂಡ್ ಅವರಿಗೆ, ತೋಟಗಾರಿಕೆ ಕಪಾಟಿನ ಮೂಲಕ.
4. ಗ್ಲೋರಿಯಾಳಿಗೆ, ಬರಹ ಒಳಮುಖವಾಗಿ ಪೆಟ್ಟಿಗೆಯ ಗಾಜಿಗೆ ಅಂಟಿಸುವುದು.
5. ಕಡತಕ್ಕೆ.

ಷರಾ: ತಪಾಸಣೆ ಮುಗಿದಿದೆ. ಗ್ಲೋರಿಯಾಳ ಮೈಕಟ್ಟು ಬ್ರೆಡ್ಡಿನಂತಿದೆ, ವರ್ಗಾವಣೆ ರದ್ದಾಗಿದೆ. ಕಲಂ 7ರ ಕಟ್ಟುನಿಟ್ಟಾದ ಪಾಲನೆಯಿಂದಾಗಿ ಶ್ರೀ ಹೋವ್ಲಂಡ್ ಅವರು ಗುರುವಾರದ ಕುರ್ಚಿಯಲ್ಲಿ ಹಿಡಿಸುತ್ತಿಲ್ಲ. ದೊಡ್ಡ ಕುರ್ಚಿಗೆ ಬೇಡಿಕೆ ಸಲ್ಲಿಸಲಾಗಿದೆ. ಕಾರಣದ ಕಾಲಮಿನಲ್ಲಿ 'ಮೂಳೆ ಅಗಲ' ಎಂದು ನಮೂದಿಸಲಾಗಿದೆ.